ಚೊಗರು ಹತ್ತಿದ ಕೈಯಲ್ಲಿ ಬಾಲಯೇಸು

ನಮ್ಮ ವ್ಹಡ್ಲಿಮಾಂಯ್ ಡಿಸೆಂಬರ್ ತಿಂಗಳಿನಲ್ಲಿ ಒಮ್ಮೆಯೂ ಶುಭ್ರವಾದ ಕೈಗಳೊಡನೆ ಚರ್ಚಿಗೆ ಹೋದದ್ದನ್ನು ನಾನು ಕಂಡಿಲ್ಲ. ಮನೆಯಲ್ಲಿ ಕೊಂಕಣಿಯಾಡುವ ನಾವು ಅಜ್ಜಿಯನ್ನು ಕರೆಯುವುದು ಹಾಗೆ. ಸಾಗರ ಸೀಮೆಯಲ್ಲಿ ಅದು ಅಡಿಕೆ ಕೊಯ್ಲಿನ ಭರದ ಕಾಲ. ಹಗಲು ಇಳಿಸಿದ ಕೊನೆಗಳನ್ನು ಬಾಡುವ ಮೊದಲೇ ಸುಲಿದು ಹಂಡೆಗೆ ಹಾಕಬೇಕಾದ್ದರಿಂದ, ತೋಟದ ಮನೆಯ ಅಂಗಳದಲ್ಲಿ ಹತ್ತಾರು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು, ಡಬ್ಬಕ್ಕೆ ಇಷ್ಟು ಎಂಬ ಕೂಲಿಗೆ ನಡುರಾತ್ರಿಯವರೆಗೆ ಸುಲಿಯುತ್ತಿದ್ದರು. ಹಸಿ ಅಡಿಕೆಯ ಚೊಗರು ಎಂಬ ಒಗರು ರಸ ಬೆರಳ ಸಂದಿಗೆ, ಉಗುರಿನ ಬುಡಕ್ಕೆ, ಅಂಗೈಯ ಒಂದೊಂದು ಗೆರೆಗೆ ಇಳಿದು ಕಪ್ಪಾಗಿ ಕುಳಿತರೆ, ಹುಣಸೆಹಣ್ಣು ತಿಕ್ಕಿದರೂ ನಿಂಬೆಯ ಹೋಳು ಉಜ್ಜಿದರೂ ಕೊಯ್ಲು ಮುಗಿದು ವಾರಗಳಾಗುವವರೆಗೆ ಬಿಡುವುದಿಲ್ಲ. 24ರ ರಾತ್ರಿ ಚರ್ಚಿನಿಂದ ಮರಳಿದ ಮೇಲೆ, ಕ್ರಿಸ್ತ ಜಯಂತಿಗೆ ಮುಂಚಿನ ನಾಲ್ಕು ವಾರಗಳ ಆಗಮನ ಕಾಲದುದ್ದಕ್ಕೂ ಬರಿದಾಗಿದ್ದ ನಮ್ಮ ಮನೆಯ ಗೋದಲಿಯಲ್ಲಿ, ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿಯಲ್ಲಿ, ಅವರು ಬಾಲಯೇಸುವನ್ನು ಮಲಗಿಸುತ್ತಿದ್ದುದು ಆ ಕಪ್ಪು ಕೈಗಳಿಂದಲೇ. ಆ ಕೈಗಳ ವಾಸನೆ, ಒಗರು, ಹೊಗೆ ಮತ್ತು ಹಸಿ ಸಿಪ್ಪೆ ಸೇರಿದ ಆ ವಾಸನೆ, ನನಗೆ ಇಂದಿಗೂ ಕ್ರಿಸ್ತ ಜಯಂತಿಯ ವಾಸನೆಯಾಗಿದೆ. ಧೂಪಕ್ಕೂ ಮೇಣದ ಬತ್ತಿಗೂ ಅನಂತರದ ಸ್ಥಾನ.

ಹುಡುಗಿಯಾಗಿದ್ದಾಗ ಒಮ್ಮೆ, ಇಂತಹ ಕೈಗಳಿಂದ ದೇವರನ್ನು ಮುಟ್ಟಬಹುದೇ ಎಂದು ನಾನು ಕೇಳಿದ್ದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. ಯೇಸು ಹುಟ್ಟಿದ ಆ ರಾತ್ರಿ ದೇವದೂತನು ಯಾರ ಬಳಿಗೆ ಬಂದನು ಎಂದು ಮರುಪ್ರಶ್ನೆ ಹಾಕಿದರು. ಕುರುಬರ ಬಳಿಗೆ ಎಂದೆ. ಅವರೇಕೆ ಎಚ್ಚರವಾಗಿದ್ದರು ಎಂದು ಕೇಳಿದರು. ಮಂದೆ ಕಾಯುತ್ತಿದ್ದರು ಎಂದೆ. "ಕೆಲಸವಿದ್ದವರು ಎಚ್ಚರವಾಗಿದ್ದರು, ಎಚ್ಚರವಾಗಿದ್ದವರಿಗೆ ಸುದ್ದಿ ಮೊದಲು ಸಿಕ್ಕಿತು, ಅವರು ಕೈ ತೊಳೆಯಲು ನಿಂತರೆಂದು ಲೂಕನು ಬರೆದಿಲ್ಲ ಮಗಾ" ಎಂದು ಹೇಳಿ ಮತ್ತೊಂದು ಅಡಿಕೆಯನ್ನು ಕತ್ತಿಗೆ ಒತ್ತಿದರು. ಅವರು ಓದಿದ್ದು ಅತ್ಯಲ್ಪ. ಆದರೂ ಬೈಬಲಿನಲ್ಲಿ ಲೂಕನು ಬರೆದ ಶುಭಸಂದೇಶದ ಆ ಭಾಗವನ್ನು ಅವರಷ್ಟು ಹತ್ತಿರದಿಂದ ನನಗೆ ತೋರಿಸಿದ ಪ್ರಬೋಧನೆಯನ್ನು ನಾನು ಇನ್ನೂ ಕೇಳಿಲ್ಲ.

ಘಟ್ಟದ ಕೆಳಗಿನಿಂದ ಕೆಲಸ ಹುಡುಕಿಕೊಂಡು ಹತ್ತಿ ಬಂದವರ ಮಗಳು ಅವರು. ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶವನ್ನು ನಾವು ಧರ್ಮಕ್ಷೇತ್ರ ಎನ್ನುತ್ತೇವೆ; ಅದರ ಗಡಿಗಳು ಬದಲಾದಂತೆ, ಹುಟ್ಟಿದಾಗ ಮೈಸೂರು ಧರ್ಮಕ್ಷೇತ್ರದವರಾಗಿದ್ದ ಅವರು 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೂ 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರಕ್ಕೂ ಸೇರಿದರು; ಅವರು ಮಾತ್ರ ಆ ಮನೆಯನ್ನು ಬಿಟ್ಟು ಕದಲಲಿಲ್ಲ. ಲ್ಯಾಟಿನ್ನಿನ ಪೂಜೆ ಹೋಗಿ ಕನ್ನಡದ ಪೂಜೆ ಬಂದದ್ದನ್ನೂ ಅವರು ಅದೇ ಬೆಂಚಿನಲ್ಲಿ ಮೊಣಕಾಲೂರಿ ಕಂಡವರು. ಅಂಥವರ ಮೊಮ್ಮಗಳಾದ ನಾನು ದುಡಿಮೆಗಾಗಿ ಹೋದದ್ದು ಯೇಸುಸ್ವಾಮಿ ಹುಟ್ಟಿದ ಊರಿನಿಂದ ಕೆಲವೇ ಗಂಟೆಗಳ ದೂರದಲ್ಲಿರುವ ಇಸ್ರೇಲಿನ ಪಟ್ಟಣಕ್ಕೆ. ಕರಾವಳಿಯಿಂದಲೂ ಮಲೆನಾಡಿನಿಂದಲೂ ಅಲ್ಲಿಗೆ ವೃದ್ಧರ ಆರೈಕೆಗೆ ಹೋದ ನಮ್ಮವರು ಬಹಳ ಮಂದಿ ಇದ್ದಾರೆ. ರಜೆ ಸಿಗುವುದು ಶನಿವಾರವಾದ್ದರಿಂದ ನಮ್ಮಲ್ಲಿ ಅನೇಕರು ಚರ್ಚಿನ ವಾರದ ಪೂಜೆಯಾದ ಬಲಿಪೂಜೆಗೆ ಸೇರುವುದೂ ಅಂದೇ. ಡಿಸೆಂಬರ್ 25 ಅಲ್ಲಿ ಎಲ್ಲ ದಿನಗಳಂತೆ ಕೆಲಸದ ದಿನ.

ನಾನು ನೋಡಿಕೊಳ್ಳುವ ಯೆಹೂದಿ ವೃದ್ಧೆಯನ್ನು ಸಾವ್ತಾ ಎಂದು ಕರೆಯುತ್ತೇನೆ. ಹೀಬ್ರೂವಿನಲ್ಲಿ ಅಜ್ಜಿ ಎಂದರ್ಥ. ನನಗೆ ಆ ಭಾಷೆಯ ಮೊದಲ ಪದಗಳನ್ನು ಕಲಿಸಿದವರು ಅವರೇ. ಬಾಯಿತ್ ಎಂದರೆ ಮನೆ, ಲೆಹೆಮ್ ಎಂದರೆ ರೊಟ್ಟಿ. ದಿನವೂ ಬೆಳಿಗ್ಗೆ ಅಂಗಡಿಗೆ ಹೋಗಿ ಲೆಹೆಮ್ ಕೊಂಡು ತರುತ್ತಿದ್ದ ನನಗೆ, ಬೆತ್ಲೆಹೇಮ್ ಎಂಬ ಹೆಸರಿಗೆ ರೊಟ್ಟಿಯ ಮನೆ ಎಂದು ಅರ್ಥವಿರುವುದು ಹೊಳೆದಾಗ, ರೊಟ್ಟಿಯ ಚೀಲವನ್ನು ಹಿಡಿದು ಬೀದಿಯಲ್ಲೇ ನಿಂತುಬಿಟ್ಟೆ. ಬಲಿಪೂಜೆಯಲ್ಲಿ ರೊಟ್ಟಿಯ ರೂಪದ ಪರಮಪ್ರಸಾದವಾಗಿ ನಮ್ಮ ಕೈಗೆ ಬರಲಿದ್ದವನು ರೊಟ್ಟಿಯ ಮನೆಯಲ್ಲಿ, ಮೇವಿನ ಬಾನಿಯಲ್ಲಿ ಮಲಗಿದನು. ಬಾಲ್ಯದಿಂದ ಕೇಳಿದ ಕಥೆಯೊಳಗೆ ಇಂತಹದೊಂದು ಮಾತು ಅಡಗಿರುವುದನ್ನು ಯೆಹೂದಿ ಅಜ್ಜಿಯೊಬ್ಬರು ಕಲಿಸಿದ ಪದಗಳಿಂದ ನಾನು ಅರಿಯಬೇಕಾಯಿತು.

2022ರ ಮಳೆಗಾಲದಲ್ಲಿ ವ್ಹಡ್ಲಿಮಾಂಯ್ ದೈವಾಧೀನರಾದರು. ಮಣ್ಣಿಗೆ ನಾನು ಬರಲಾಗಲಿಲ್ಲ. ಮೊಬೈಲಿನಲ್ಲಿ ತಮ್ಮ ತೋರಿಸಿದ ದೃಶ್ಯದಲ್ಲಿ, ಜಪಸರ ಸುತ್ತಿ ಜೋಡಿಸಿದ್ದ ಆ ಕೈಗಳು ಒಂದು ಕಲೆಯೂ ಇಲ್ಲದೆ ಬೆಳ್ಳಗಿದ್ದವು; ಅದನ್ನು ಕಂಡೇ ನನಗೆ ಅಳು ತಡೆಯದಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮವರ ಗುಂಪಿನೊಂದಿಗೆ ಬೆತ್ಲೆಹೇಮಿಗೆ ಹೋದೆ. ಯೇಸು ಹುಟ್ಟಿದ ಗುಹೆಯ ಮೇಲೆ ಕಟ್ಟಿದ ಚರ್ಚಾದ ಜನನದ ಬಸಿಲಿಕಾದ ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥವರೂ ಸೊಂಟ ಬಗ್ಗಿಸಿಯೇ ಒಳಹೋಗಬೇಕು. ನಮ್ಮೂರಿನ ಹಳೆಯ ಕೊಟ್ಟಿಗೆಗಳ ಬಾಗಿಲು ನೆನಪಾಯಿತು. ಒಳಗೆ ಗುಹೆಗೆ ಇಳಿದರೆ ನೆಲದಲ್ಲಿ ಹದಿನಾಲ್ಕು ಮೊನೆಗಳ ಬೆಳ್ಳಿಯ ನಕ್ಷತ್ರ. ಕನ್ನಿಕೆ ಮರಿಯಮ್ಮನವರಿಂದ ಯೇಸುಕ್ರಿಸ್ತನು ಇಲ್ಲಿ ಜನಿಸಿದನು ಎಂದು ಅದರ ಸುತ್ತ ಲ್ಯಾಟಿನ್ನಿನಲ್ಲಿ ಕೆತ್ತಿದೆ. ಇಲ್ಲಿ ಎಂಬ ಆ ಒಂದು ಪದದ ಮೇಲೆ ಅಂಗೈಯಿಟ್ಟು ಮೊಣಕಾಲೂರಿದಾಗ, ನಾನು ಬೇಡಬೇಕೆಂದು ಕಟ್ಟಿಕೊಂಡು ಹೋಗಿದ್ದ ಯಾವ ಬೇಡಿಕೆಯೂ ಬಾಯಿಗೆ ಬರಲಿಲ್ಲ. ಮೂಗು ಮಾತ್ರ ಏನನ್ನೋ ಹುಡುಕಿತು. ದೀಪದೆಣ್ಣೆಯ ವಾಸನೆಯಿತ್ತು, ಧೂಪದ ವಾಸನೆಯಿತ್ತು, ಚೊಗರಿನ ವಾಸನೆಯಿರಲಿಲ್ಲ. ಸ್ವಾಮೀ, ನೀನು ಹುಟ್ಟಿದ ಜಾಗವನ್ನು ತೋರಿಸಿದೆ. ಇನ್ನು ವ್ಹಡ್ಲಿಮಾಂಯ್ ನಿನ್ನನ್ನು ಮಲಗಿಸುತ್ತಿದ್ದ ಜಾಗಕ್ಕೆ ನನ್ನನ್ನು ಕರೆದುಕೊಂಡು ಹೋಗು, ಅವರು ಬೆಳೆಸುತ್ತಿದ್ದಂತೆಯೇ ನಿನ್ನ ಗೋದಲಿಗೆ ಭತ್ತದ ಪೈರು ಬೆಳೆಸಿ ನನ್ನ ಕೈಯಾರೆ ಮಲಗಿಸುತ್ತೇನೆ ಎಂದು ಹರಕೆ ಹೊತ್ತೆ.

ಆ ಹರಕೆ ತೀರಲು ಮೂರು ವರ್ಷ ಹಿಡಿಯಿತು. 2023ರಲ್ಲಿ ಯುದ್ಧ ಬಂತು. ಸೈರನ್ ಕೂಗಿದಾಗಲೆಲ್ಲ ಸಾವ್ತಾ ಅವರನ್ನು ರಕ್ಷಣಾ ಕೊಠಡಿಗೆ ಕರೆದೊಯ್ದು ಅವರ ಕೈ ಹಿಡಿದುಕೊಂಡು ನಮೋ ಮರಿಯಾ ಹೇಳಿಕೊಳ್ಳುತ್ತಿದ್ದೆ. ಅವರು ತಮ್ಮ ಕೀರ್ತನೆಗಳನ್ನು ಹೇಳಿಕೊಳ್ಳುತ್ತಿದ್ದರು. ಅದರ ಮರುವರ್ಷವೂ ಅವರನ್ನು ಬಿಟ್ಟು ಬರುವ ಮನಸ್ಸಾಗಲಿಲ್ಲ. 2025ರ ಡಿಸೆಂಬರ್ 14ರ ಸಂಜೆ ಯೆಹೂದಿಗಳ ದೀಪದ ಹಬ್ಬವಾದ ಹನುಕ್ಕಾದ ಮೊದಲ ದೀಪವನ್ನು ಹಚ್ಚಿದ ಮೇಲೆ ಅವರೇ ನನ್ನ ಕೈ ಹಿಡಿದು, ನಿನ್ನ ದೀಪಗಳು ನಿನ್ನ ಮನೆಯಲ್ಲಿವೆ, ಹೋಗಿ ಬಾ ಎಂದರು. ಮರುದಿನವೇ ಹೊರಟೆ. ಕ್ರಿಸ್‌ಮಸ್ಸಿಗೆ ಲೋಕವೆಲ್ಲ ಬೆತ್ಲೆಹೇಮಿಗೆ ಬರಲು ಹಾತೊರೆಯುವಾಗ ನೀನು ಅಲ್ಲಿಂದ ಹೊರಟೆಯಾ ಎಂದು ಜೊತೆಯವರು ಕೇಳಿದರು.

ಅವರ ಪ್ರಶ್ನೆಗೆ ಉತ್ತರವನ್ನು ನಾನು ಕಂಡುಕೊಂಡದ್ದು ಬೆಂಗಳೂರಿನಿಂದ ತಾಳಗುಪ್ಪದ ರಾತ್ರಿ ರೈಲಿನಲ್ಲಿ. ಚಕ್ರವರ್ತಿಯ ಜನಗಣತಿಯ ಆಜ್ಞೆಯಂತೆ ಸಂತ ಜೋಸೆಫರು ನಜರೇತಿನಿಂದ ಬೆತ್ಲೆಹೇಮಿಗೆ ಹೊರಟದ್ದು ಯಾತ್ರೆಗಾಗಿ ಅಲ್ಲವಲ್ಲ. ಅದು ದಾವೀದನ ವಂಶದವರಾದ ಅವರ ಸ್ವಂತ ಊರು. ತುಂಬು ಗರ್ಭಿಣಿಯನ್ನು ಕರೆದುಕೊಂಡು ದಿನಗಟ್ಟಲೆ ದಾರಿ ಸವೆಸಿ ಹಿರಿಯರ ಊರಿಗೆ ಬಂದವರಿಗೆ ಆ ಊರಿನಲ್ಲಿ ತಂಗಲು ಸ್ಥಳ ಸಿಗಲಿಲ್ಲ. ಸ್ವಂತ ಊರಿಗೆ ಬಂದು ಬಾಗಿಲು ಸಿಗದೆ ನಿಂತ ಆ ಸಾಧು ಪುರುಷನ ಸಂಕಟವನ್ನು ನಾನು ಅದುವರೆಗೆ ಎಂದೂ ಧ್ಯಾನಿಸಿರಲಿಲ್ಲ. ಭದ್ರಾವತಿ, ಶಿವಮೊಗ್ಗ, ಆನಂದಪುರ ದಾಟಿ ಬೆಳಕು ಹರಿಯುವ ಹೊತ್ತಿಗೆ ಸಾಗರದ ನಿಲ್ದಾಣದ ಮಂಜಿನಲ್ಲಿ ತಮ್ಮ ನಿಂತಿದ್ದ, ಮನೆಯಲ್ಲಿ ಅಮ್ಮ ಬಾಗಿಲು ತೆರೆದಿಟ್ಟು ಕಾದಿದ್ದರು. ಪ್ರಭುವಿಗೆ ಸಿಗದ ಬಾಗಿಲು ನನ್ನಂಥ ಪಾಪಿಗೆ ಸಿಕ್ಕಿತೆಂದು ಹೊಸ್ತಿಲಿನಲ್ಲೇ ಶಿಲುಬೆಯ ಗುರುತು ಹಾಕಿಕೊಂಡೆ.

ಗೋದಲಿಯ ಜಾಗದಲ್ಲಿ ಪ್ಲಾಸ್ಟಿಕ್ ಹುಲ್ಲಿನ ಹಾಸು ಸುರುಳಿ ಸುತ್ತಿ ಇಟ್ಟಿತ್ತು. ಅಮ್ಮನ ತಪ್ಪೆಂದು ಹೇಳಲಾರೆ, ಮೊಣಕಾಲಿನ ನೋವಿನಲ್ಲಿ ಒಬ್ಬರೇ ಎಷ್ಟು ಮಾಡಿಯಾರು. ಆದರೆ ನಮ್ಮ ಕೇರಿಯ ಮನೆಮನೆಯಲ್ಲೂ ಅದೇ ಹಾಸು, ಅದೇ ಮಿಣುಕುವ ಗುಡಿಸಲು, ಬೇಕರಿಯಿಂದ ತಂದ ಡಬ್ಬಿಯ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳು. ಆ ತಿಂಡಿಗಳಲ್ಲೊಂದಾದ, ಹೂರಣ ತುಂಬಿ ಕರಿಯುವ ನೆವ್ರಿಯ ಅಂಚನ್ನು ಮಡಿಸಲು ಬಾರದ ಹೆಣ್ಣುಮಕ್ಕಳು ದೊಡ್ಡವರಾಗುತ್ತಿದ್ದಾರೆ. ನಾನು ದೂರದಲ್ಲಿದ್ದು ಹೀಗೆ ಹೇಳುವುದು ಸುಲಭವೆಂದು ಬಲ್ಲೆ. ಆದರೂ ಕೇಳುತ್ತೇನೆ: ಪ್ರಭುವಿನ ಬರವಿಗೆ ಕಾಯುವ ನಾಲ್ಕು ವಾರಗಳಲ್ಲಿ ಒಂದು ಹಿಡಿ ಭತ್ತವನ್ನು ನೆನೆಸಿ, ಅದಕ್ಕೆ ದಿನವೂ ನೀರು ಚಿಮುಕಿಸಿ, ಇಂದು ಬಂತೇ ನಾಳೆ ಬಂತೇ ಎಂದು ನೋಡುವ ಮಗುವಿಗೆ ಆಗಮನ ಕಾಲವೆಂದರೇನೆಂದು ಬೇರೆ ಹೇಳಿಕೊಡಬೇಕೇ? ಅಂಗಡಿಯ ಹಾಸನ್ನು ಬಿಡಿಸಿ ಹಾಕಿದರೆ ಕಾಯುವುದೆಲ್ಲಿ ಉಳಿಯಿತು?

ವ್ಹಡ್ಲಿಮಾಂಯ್ ಡಿಸೆಂಬರ್ 8ರಂದು, ನಿಷ್ಕಳಂಕ ಮಾತೆಯ ಹಬ್ಬದ ದಿನ, ಭತ್ತ ನೆನೆಸುತ್ತಿದ್ದರು. ನಾನು ಮನೆ ಮುಟ್ಟಿದಾಗ 17 ಆಗಿತ್ತು. ಅಂದೇ ನೆನೆಸಿ, ಮರುದಿನ ಗೋಣಿಯಲ್ಲಿ ಕಟ್ಟಿ, ಚಳಿಗೆ ಮೊಳಕೆ ತಡವಾಗಬಾರದೆಂದು ತೋಟದ ಮನೆಯವರನ್ನು ಕೇಳಿ ಅವರ ಅಡಿಕೆ ಬೇಯಿಸುವ ಒಲೆಯ ಬಳಿ ಬೆಚ್ಚಗೆ ಇಟ್ಟೆ. ಮೂರನೆಯ ದಿನ ಬಿಚ್ಚಿದರೆ ಬಿಳಿಯ ಮೊಳಕೆ ಒಡೆದಿತ್ತು. ತೆಂಗಿನ ಗರಟೆಗಳಲ್ಲಿ ಮಣ್ಣು ತುಂಬಿ ಹರವಿದೆ. ಹಬ್ಬದ ಹಿಂದಿನ ಬೆಳಿಗ್ಗೆ ಹಸಿರು ಸೂಜಿಗಳು ಹೆಬ್ಬೆರಳಿನ ಅರ್ಧದಷ್ಟು ಎತ್ತರಕ್ಕೆ ಬಂದಿದ್ದವು. ಅಜ್ಜಿಯ ಗೇಣುದ್ದದ ಪೈರಿನ ಮುಂದೆ ಅದು ಏನೂ ಅಲ್ಲ, ಆದರೆ ಜೀವಂತವಾಗಿತ್ತು.

ಒಲೆಯ ಬಳಿ ಜಾಗ ಕೊಟ್ಟವರ ಅಂಗಳದಲ್ಲಿ ಆ ಸಂಜೆಗಳಲ್ಲಿ ನಾನೂ ಸುಲಿಯಲು ಕುಳಿತೆ. ಕೈ ಮರೆತಿತ್ತು, ಮೊದಲ ರಾತ್ರಿ ಒಂದು ಡಬ್ಬವೂ ತುಂಬಲಿಲ್ಲ. ಈಗ ಹಲವೆಡೆ ಸುಲಿಯುವ ಯಂತ್ರ ಬಂದಿದೆ, ಅಂಗಳದಲ್ಲಿ ಉಳಿದಿರುವವರು ಬೆರಳೆಣಿಕೆಯ ಹಿರಿಯರು. ಅವರಲ್ಲೊಬ್ಬರು ಅಜ್ಜಿಯ ಜೊತೆ ಕುಳಿತು ಸುಲಿದವರು, ನಮ್ಮ ಧರ್ಮದವರಲ್ಲ. ನಿನ್ನ ಅಜ್ಜಿ ಈ ದಿನಗಳಲ್ಲಿ ಸುಲಿಯುತ್ತಲೇ ಮೆಲ್ಲಗೆ ಹಾಡುತ್ತಿದ್ದರು, ನಮಗೆ ಅರ್ಥವಾಗದಿದ್ದರೂ ಬಂದ ನಿದ್ದೆ ಹಾರಿಹೋಗುತ್ತಿತ್ತು ಎಂದು ನೆನೆದರು. ಮೂರನೆಯ ರಾತ್ರಿಯ ಹೊತ್ತಿಗೆ ನನ್ನ ಅಂಗೈಯ ಗೆರೆಗಳೆಲ್ಲ ಕಪ್ಪಾದವು.

24ರ ಬಲಿಪೂಜೆ ಈಗ ನಡುರಾತ್ರಿಗೆ ಬಹಳ ಮೊದಲೇ ಆರಂಭವಾಗುತ್ತದೆ, ಅದಕ್ಕೂ ಕಾರಣಗಳಿರಬಹುದು. ಕತ್ತಲಲ್ಲಿ ನಡೆಯುತ್ತಿದ್ದ ಜನರಿಗೆ ಮಹಾಜ್ಯೋತಿ ಕಾಣಿಸಿತೆಂಬ ಯೆಶಾಯನ ವಾಚನಕ್ಕೂ ಮೊದಲು, ಆಗಮನ ಕಾಲದ ಭಾನುವಾರಗಳಲ್ಲೆಲ್ಲ ಮೌನವಾಗಿದ್ದ ಮಹಿಮೆಯ ಸ್ತುತಿಗೀತೆ ಗಂಟೆಗಳ ನಾದದೊಂದಿಗೆ ಎದ್ದಿತು. ಸಾವ್ತಾ ಅವರ ಕೊಠಡಿಯಲ್ಲಿ ಒಬ್ಬಳೇ ಬಾಯಿ ಬಿಡದೆ ಹಾಡಿಕೊಂಡ ವರ್ಷಗಳೆಲ್ಲ ಆ ನಾದದಲ್ಲಿ ಕರಗಿಹೋದವು. ನಮ್ಮ ನಂಬಿಕೆಯನ್ನು ಸಾರುವ ಪ್ರಾರ್ಥನೆಯಾದ ವಿಶ್ವಾಸ ಸಂಗ್ರಹದಲ್ಲಿ ದೇವರು ಮನುಷ್ಯನಾದನೆಂಬ ಮಾತು ಬಂದಾಗ, ಆ ದಿನದ ವಿಧಿಯಂತೆ ಇಡೀ ಚರ್ಚು ಮೊಣಕಾಲೂರಿತು. ಪರಮಪ್ರಸಾದದ ಸಾಲಿನಲ್ಲಿ ನನ್ನ ಸರದಿ ಬಂದಾಗ ಕೈಗಳನ್ನು ಚಾಚಲು ಒಂದು ಕ್ಷಣ ಹಿಂಜರಿದೆ. ಕುರುಬರು ಕೈ ತೊಳೆಯಲು ನಿಂತಿರಲಿಲ್ಲವೆಂಬುದು ನೆನಪಾಗಿ ಚಾಚಿದೆ. ಗುರುಗಳು ಆ ಕಪ್ಪು ಗೆರೆಗಳ ಮೇಲೆ ಬಿಳಿಯ ರೊಟ್ಟಿಯನ್ನು ಇಟ್ಟರು.

ಮನೆಗೆ ಬಂದು, ದೀಪ ಕಿರಿದು ಮಾಡಿ, ಅಮ್ಮನೂ ತಮ್ಮನ ಮಕ್ಕಳೂ ಸುತ್ತ ನಿಂತಿರಲು, ಬಾಲಯೇಸುವನ್ನು ಎಳೆಯ ಪೈರಿನ ನಡುವೆ ಮಲಗಿಸಿದೆ. ಚಿಕ್ಕವಳು ನನ್ನ ಅಂಗೈಯನ್ನು ಮೂಸಿ, ಇದೇನು ವಾಸನೆ ಎಂದು ಕೇಳಿದಳು. ಅಮ್ಮ ಮುಖ ತಿರುಗಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಪೈರು ಗೋದಲಿಯಲ್ಲಿಯೇ ಬೆಳೆಯಿತು. ಜನವರಿ 6ರ ಹೊತ್ತಿಗೆ ಗೇಣುದ್ದವಾಗಿ ಬಾಗಿತ್ತು. ಬಾಲಯೇಸುವನ್ನು ಕಾಣಲು ಬಂದ ಮೂವರು ರಾಯರ ಆ ಹಬ್ಬದ ದಿನ ವ್ಹಡ್ಲಿಮಾಂಯ್ ಅದನ್ನು ಕಿತ್ತು ಎಸೆಯುತ್ತಿರಲಿಲ್ಲ. ಪ್ರಭುವಿಗೆ ಜಾಗ ಕೊಟ್ಟವಳ ಪಾಲು ಎಂದು ಕೊಟ್ಟಿಗೆಗೆ ಒಯ್ಯುತ್ತಿದ್ದರು. ನಾನು ಮರಳಿ ಹೊರಡುವ ಎರಡು ದಿನ ಮೊದಲು ಗರಟೆಗಳನ್ನು ಹೊತ್ತು ಕೊಟ್ಟಿಗೆಗೆ ಹೋದೆ. ನಮ್ಮ ಹಸು ಗೌರಿ ಪೈರನ್ನು ಬುಡದವರೆಗೆ ಮೇಯ್ದು, ಮಣ್ಣನ್ನು ಮೂಸಿ, ಇನ್ನೂ ಕಲೆ ಹೋಗದಿದ್ದ ನನ್ನ ಅಂಗೈಯನ್ನು ಬಹಳ ಹೊತ್ತು ನೆಕ್ಕುತ್ತ ನಿಂತಿತು.