ಎರಡು ಸಲ ಕಂಡ ಒಂದೇ ಸಾಲು

2009ರ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನನ್ನ ತಂಗಿ ಮನೆಯ ಕಂಪ್ಯೂಟರಿಗೆ ಪೆನ್‌ಡ್ರೈವ್ ಸಿಕ್ಕಿಸಿ, ಪರದೆಯ ಮೇಲೆ ಮೂಡಿದ ಪಟ್ಟಿಯನ್ನು ನೋಡುತ್ತ, "ಅಣ್ಣ, ಇದರಲ್ಲಿ ಒಂದೇ ಸಾಲು ಎರಡು ಸಲ ಯಾಕೆ ಬಂದಿದೆ?" ಎಂದು ಕೇಳಿದಳು. ವಿಂಡೋಸ್ ಎಕ್ಸ್‌ಪಿ ಪ್ರತಿ ಬಾರಿಯೂ ತೋರಿಸುತ್ತಿದ್ದ ಆಟೋಪ್ಲೇ ಪಟ್ಟಿ ಅದು. 'ಓಪನ್ ಫೋಲ್ಡರ್ ಟು ವ್ಯೂ ಫೈಲ್ಸ್' ಎಂಬ ಸಾಲು, ಪಕ್ಕದಲ್ಲಿ ಹಳದಿ ಫೋಲ್ಡರಿನ ಚಿತ್ರ. ಕೆಳಗೆ ಮತ್ತೆ ಅದೇ ಸಾಲು. ಬಗ್ಗಿ ನೋಡಿದಾಗ ಒಂದರ ಅಡಿಯಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಬಳಸಿ ಎಂದೂ ಇನ್ನೊಂದರ ಅಡಿಯಲ್ಲಿ ಈ ಸಾಧನದಲ್ಲಿರುವ ಪ್ರೋಗ್ರಾಮನ್ನು ಬಳಸಿ ಎಂದೂ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು. ಅವಳ ಪೆನ್‌ಡ್ರೈವಿನಲ್ಲಿ ಪ್ರಾಜೆಕ್ಟ್ ವರದಿ ಮತ್ತು ಕೆಲವು ಚಿತ್ರಗಳನ್ನು ಬಿಟ್ಟರೆ ಯಾವ ಪ್ರೋಗ್ರಾಮೂ ಇರಲಿಲ್ಲ.

ಆ ಹೊತ್ತಿಗೆ ಮೂರು ವಾರಗಳಿಂದ ನಮ್ಮ ಆಂಟಿವೈರಸ್ ಅಪ್‌ಡೇಟ್ ಆಗಿರಲಿಲ್ಲ. ಇಂಟರ್ನೆಟ್ ಸಂಪರ್ಕವೇ ಸರಿಯಿಲ್ಲವೆಂದು ನಾನು ನಂಬಿ ಸುಮ್ಮನಿದ್ದೆ. ಅಂದು ಪರೀಕ್ಷಿಸಿದಾಗ ಸುದ್ದಿ ಪುಟಗಳು, ಇಮೇಲ್, ಹುಡುಕಾಟ ಎಲ್ಲವೂ ಸರಾಗವಾಗಿ ತೆರೆದುಕೊಂಡವು. ಮೈಕ್ರೋಸಾಫ್ಟ್‌ನ ತಾಣವೂ ನನಗೆ ತಿಳಿದಿದ್ದ ನಾಲ್ಕು ಆಂಟಿವೈರಸ್ ಕಂಪನಿಗಳ ತಾಣಗಳೂ ಮಾತ್ರ ತೆರೆಯಲಿಲ್ಲ. ಸಂಪರ್ಕ ಕೆಟ್ಟಿದ್ದರೆ ಎಲ್ಲವೂ ನಿಲ್ಲಬೇಕಿತ್ತು. ಅಡಗಿದ ಕಡತಗಳನ್ನು ತೋರಿಸುವ ಆಯ್ಕೆಯನ್ನು ಒತ್ತಿ ಓಕೆ ಎಂದೆ. ಮತ್ತೆ ತೆರೆದು ನೋಡಿದರೆ ಆ ಗುರುತು ಮೊದಲಿನ ಜಾಗಕ್ಕೇ ಹೋಗಿ ಕುಳಿತಿತ್ತು. ಸಿಸ್ಟಮ್ ರಿಸ್ಟೋರ್ ಮೂಲಕ ಹಿಂದಿನ ಸ್ಥಿತಿಗೆ ಮರಳೋಣವೆಂದರೆ ಹಳೆಯ ದಿನಾಂಕಗಳೆಲ್ಲ ಅಳಿಸಿಹೋಗಿದ್ದವು. ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮುಗಳನ್ನು ತೋರಿಸುವ ಸರ್ವಿಸಸ್ ಪಟ್ಟಿಯಲ್ಲಿ ಆಟೋಮ್ಯಾಟಿಕ್ ಅಪ್‌ಡೇಟ್ಸ್ ಎದುರು 'ಡಿಸೇಬಲ್ಡ್' ಎಂದಿತ್ತು. ಅದನ್ನು ನಾನು ಮುಟ್ಟಿರಲಿಲ್ಲ.

ಇಂಟರ್ನೆಟ್ ಕೇಬಲನ್ನು ಕಿತ್ತಿಟ್ಟು ಗೆಳೆಯನ ಮನೆಗೆ ಹೋದೆ. ಅವನ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಪುಟ ತೆರೆದು ಓದುತ್ತ ಹೋದಂತೆ ನಾನು ಕಂಡ ಲಕ್ಷಣಗಳೆಲ್ಲ ಒಂದೇ ಹೆಸರಿನಡಿ ಕೂಡಿಕೊಂಡವು: ಕಾನ್‌ಫಿಕರ್. ಇದು ವೈರಸ್ ಅಲ್ಲ, ವರ್ಮ್, ಅಂದರೆ ಹುಳು. ವೈರಸ್ಸು ಬೇರೊಂದು ಕಡತಕ್ಕೆ ಅಂಟಿಕೊಂಡು ಬದುಕಿದರೆ, ಹುಳುವಿಗೆ ಅಂಥ ಆಸರೆ ಬೇಕಿಲ್ಲ. ಅದು ತಾನೇ ಪೂರ್ತಿ ಪ್ರೋಗ್ರಾಮಾಗಿದ್ದು ಒಂದು ಯಂತ್ರದಿಂದ ಇನ್ನೊಂದಕ್ಕೆ ತನ್ನ ಪ್ರತಿಯನ್ನು ತಾನೇ ಕಳಿಸುತ್ತದೆ. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ಈ ಹುಳು ವಿಂಡೋಸ್‌ನ ಸರ್ವರ್ ಸರ್ವಿಸ್‌ನಲ್ಲಿದ್ದ ಒಂದು ದೋಷದ ಮೂಲಕ ನುಗ್ಗುತ್ತಿತ್ತು. ಆ ದೋಷವನ್ನು ಮುಚ್ಚುವ ತೇಪೆ, ಎಂಎಸ್08-067, ಅದೇ ವರ್ಷದ ಅಕ್ಟೋಬರ್ 23ರಂದೇ ಬಿಡುಗಡೆಯಾಗಿತ್ತು. ಹುಳುವಿಗಿಂತ ಮೊದಲೇ ಔಷಧ ಬಂದಿದ್ದರೂ ಐದು ತಿಂಗಳು ನಾನು ಅದನ್ನು ಹಾಕಿಕೊಂಡಿರಲಿಲ್ಲ ಎಂಬುದು ನನ್ನನ್ನು ಬಹಳ ನೋಯಿಸಿತು.

ತೇಪೆಯನ್ನೂ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುತ್ತಿದ್ದ ಮ್ಯಾಲಿಷಿಯಸ್ ಸಾಫ್ಟ್‌ವೇರ್ ರಿಮೂವಲ್ ಟೂಲನ್ನೂ ಇಳಿಸಿಕೊಂಡು ಒಂದು ಸಿಡಿಗೆ ಬರೆದೆ. ಪೆನ್‌ಡ್ರೈವಿನಲ್ಲಿ ಒಯ್ದರೆ ಸೋಂಕಿನ ಯಂತ್ರ ಅದರ ಮೇಲೂ ಬರೆಯುತ್ತಿತ್ತು. ಒಮ್ಮೆ ಬರೆದು ಮುಚ್ಚಿದ ಸಿಡಿಯ ಮೇಲೆ ಅದಕ್ಕೆ ಏನೂ ಬರೆಯಲಾಗದು. ಮನೆಗೆ ಬಂದು ಪೂರ್ತಿ ಸ್ಕ್ಯಾನ್ ಹಾಕಿದೆ. ಎರಡು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಕೊನೆಯಲ್ಲಿ ಆ ಹುಳುವಿನ ಒಂದು ರೂಪವಾದ ಕಾನ್‌ಫಿಕರ್ ಬಿ ಸಿಕ್ಕಿದೆ, ತೆಗೆಯಲಾಗಿದೆ ಎಂದು ಬಂದಾಗ ನಾವಿಬ್ಬರೂ ಹಗುರವಾಗಿ ಉಸಿರುಬಿಟ್ಟೆವು.

ಆ ನೆಮ್ಮದಿಯಲ್ಲೇ ತಪ್ಪು ಮಾಡಿದೆ. ತೇಪೆ ಹಾಕುವುದಕ್ಕೂ ಮೊದಲೇ, ಹಾಡುಗಳಿದ್ದ ನನ್ನ ಇನ್ನೊಂದು ಪೆನ್‌ಡ್ರೈವನ್ನು ಪರೀಕ್ಷಿಸಲೆಂದು ಸಿಕ್ಕಿಸಿ, ಮೈ ಕಂಪ್ಯೂಟರಿನಲ್ಲಿ ಅದರ ಮೇಲೆ ಎರಡು ಸಲ ಒತ್ತಿಬಿಟ್ಟೆ. ಅಡಗಿದ ಕಡತಗಳ ಗುರುತು ಹತ್ತೇ ನಿಮಿಷದಲ್ಲಿ ಮತ್ತೆ ಹಿಂದಕ್ಕೆ ಸರಿದಿತ್ತು. ಹುಳುವಿಗೆ ನೆಟ್‌ವರ್ಕ್ ಮತ್ತು ಪೆನ್‌ಡ್ರೈವ್ ಎಂಬ ಎರಡು ದಾರಿಗಳಿದ್ದವು, ನಾನು ಒಂದನ್ನೂ ಮುಚ್ಚದೆ ಒಳಗಿನದನ್ನಷ್ಟೇ ಗುಡಿಸಿದ್ದೆ.

ಎರಡನೆಯ ಸಲ ಕ್ರಮವಾಗಿ ನಡೆದೆ. ಸ್ಕ್ಯಾನ್ ಮುಗಿಸಿ, ಕೇಬಲ್ ಇನ್ನೂ ಹೊರಗಿರುವಾಗಲೇ ಸಿಡಿಯಿಂದ ತೇಪೆ ಹಾಕಿ, ಯಂತ್ರವನ್ನು ಮರುಚಾಲನೆ ಮಾಡಿದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ, ಸಾಧನ ಸಿಕ್ಕಿಸಿದಾಗ ಅದರಲ್ಲಿರುವ ಪ್ರೋಗ್ರಾಮನ್ನು ಓಡಿಸುವ ಆಟೋರನ್ ಸೌಲಭ್ಯವನ್ನು ಎಲ್ಲ ಡ್ರೈವ್‌ಗಳಿಗೂ ನಿಲ್ಲಿಸಿದೆ. ಅಡ್ಮಿನಿಸ್ಟ್ರೇಟರ್ ಖಾತೆಯ ಪಾಸ್‌ವರ್ಡ್ 123456 ಎಂದಿತ್ತು; ನೆಟ್‌ವರ್ಕ್ ಮೂಲಕ ಹಬ್ಬುವಾಗ ಕಾನ್‌ಫಿಕರ್ ಪ್ರಯತ್ನಿಸುವ ಸುಲಭ ಪಾಸ್‌ವರ್ಡ್‌ಗಳ ಪಟ್ಟಿಯಲ್ಲಿ ಅದೂ ಒಂದೆಂದು ಓದಿದ್ದರಿಂದ ಅದನ್ನು ಬದಲಿಸಿದೆ. ನಿಂತಿದ್ದ ಸರ್ವಿಸ್‌ಗಳನ್ನು ಕೈಯಾರೆ ಚಾಲೂ ಮಾಡಿದೆ.

ಆಮೇಲೆ ತಂಗಿಯ ಪೆನ್‌ಡ್ರೈವ್ ಸಿಕ್ಕಿಸಿದೆ. ಯಾವ ಪಟ್ಟಿಯೂ ಮೂಡಲಿಲ್ಲ. ಎಕ್ಸ್‌ಪ್ಲೋರರಿನ ಎಡಬದಿಯ ಪಟ್ಟಿಯಿಂದ ಅದರೊಳಗೆ ಹೋದಾಗ, ಈಗ ಅಡಗಲಾರದ ಎರಡು ವಸ್ತುಗಳು ಕಂಡವು: ಹುಳು ತನ್ನ ಪ್ರತಿಯನ್ನು ಇಟ್ಟಿದ್ದ ರಿಸೈಕ್ಲರ್ ಎಂಬ ಫೋಲ್ಡರ್, ಆಟೋರನ್‌ಗೆ ಏನು ಮಾಡಬೇಕೆಂದು ಹೇಳುವ ಆಟೋರನ್ ಡಾಟ್ ಐಎನ್ಎಫ್ ಎಂಬ ಕಡತ. ಸಾಮಾನ್ಯವಾಗಿ ನಾಲ್ಕೈದು ಸಾಲುಗಳಿರಬೇಕಾದ ಆ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಪುಟಗಟ್ಟಲೆ ಅರ್ಥವಿಲ್ಲದ ಚಿಹ್ನೆಗಳು ತುಂಬಿದ್ದವು. ಸ್ಕ್ರೋಲ್ ಮಾಡುತ್ತ ಹೋದಂತೆ, ಆ ಕಸದ ನಡುವೆ, ತಂಗಿ ಬೆಳಿಗ್ಗೆ ತೋರಿಸಿದ ಅದೇ ಸಾಲು ಸಿಕ್ಕಿತು: ಓಪನ್ ಫೋಲ್ಡರ್ ಟು ವ್ಯೂ ಫೈಲ್ಸ್. ಅದರ ಹತ್ತಿರವೇ ಫೋಲ್ಡರಿನ ಚಿತ್ರವನ್ನು ವಿಂಡೋಸ್‌ನಿಂದ ಎರವಲು ಪಡೆಯುವ ಸಾಲು, ಹುಳುವನ್ನು ಎಬ್ಬಿಸುವ ಆದೇಶ. ಆ ಸಾಲನ್ನು ತಂಗಿಗೆ ತೋರಿಸಿದೆ. ಅವಳು ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದಳು.

ಎರಡನ್ನೂ ಅಳಿಸಿದೆವು. ಕೇಬಲ್ ಜೋಡಿಸಿದ ಮೇಲೆ ಆಂಟಿವೈರಸ್ ತಾಣ ಒಂದೇ ಸಲಕ್ಕೆ ತೆರೆಯಿತು. ಮೂರು ವಾರಗಳ ಅಪ್‌ಡೇಟ್ ಇಳಿಯುತ್ತಿರುವಾಗ ತಂಗಿ ತನ್ನ ವರದಿಯನ್ನು ತೆರೆದು, ಮೊದಲ ಪುಟದಿಂದ ಕೊನೆಯವರೆಗೂ ಅಧ್ಯಾಯಗಳನ್ನು ಒಂದೊಂದಾಗಿ ಎಣಿಸಿ ನೋಡಿಕೊಂಡಳು.