ನಾಲ್ಕನೆಯ ಸವಾರ

ನಮ್ಮ ಸೈಕಲ್ ಗುಂಪಿನಲ್ಲಿ ಬ್ಯಾಂಕ್ ನೌಕರಿಯ ಗೆಳೆಯನಿಗೆ ‘ಮೆರ್ಕ್ಸ್’ ಎಂದು ಹೆಸರಿಟ್ಟವರು ಮಾಸ್ತರರು. ಬೆಲ್ಜಿಯಂನ ಎಡ್ಡಿ ಮೆರ್ಕ್ಸ್ 1969ರಿಂದ 1974ರ ನಡುವೆ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯನ್ನು ಐದು ಸಲ ಗೆದ್ದವರು. ಬೇರೆಯವರಿಗೆ ಸಣ್ಣಪುಟ್ಟ ಗೆಲುವನ್ನೂ ಬಿಟ್ಟುಕೊಡದ ಅವರ ಹಸಿವಿಗೆ ‘ನರಭಕ್ಷಕ’ ಎಂಬ ಅಡ್ಡಹೆಸರು ಬಿದ್ದಿತ್ತು. ನಮ್ಮ ಗೆಳೆಯನೂ ಚಹಾದಂಗಡಿಯ ತಟ್ಟೆಯಲ್ಲಿ ಒಂದು ಮಿರ್ಚಿ ಭಜಿಯನ್ನೂ ಬಿಡುವವನಲ್ಲ. ಹೆಸರು ಅಂಟಿಕೊಂಡಿತು, ಅವನಿಗೂ ಅದು ಇಷ್ಟವಾಯಿತು.

ಉಳಿದವರೆಂದರೆ ಎಲುಬಿನ ಡಾಕ್ಟರರು, ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವ ಮಾಸ್ತರರು, ಕಾಲೇಜಿನಲ್ಲಿ ಭೌತವಿಜ್ಞಾನ ಹೇಳುವ ನಾನು. ರೇಸಿನವರು ಯಾರೂ ಅಲ್ಲ. 200 ಕಿಲೋಮೀಟರನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕಾದ ಬ್ರೆವೆ ಎಂಬ ದೂರದ ಸವಾರಿಯನ್ನು ಡಾಕ್ಟರರು ಪೂರೈಸಿದ್ದಾರೆ. ನಮ್ಮ ಪಾಲಿಗೆ ಅದೇ ದೊಡ್ಡ ಕಿರೀಟ. ಭಾನುವಾರಗಳಂದು ಬಾಗಲಕೋಟೆಯ ಸುತ್ತಲಿನ ರಸ್ತೆಗಳಲ್ಲಿ ಸೈಕಲ್ ತುಳಿಯುತ್ತೇವೆ, ತುಳಿದಷ್ಟೇ ಮಾತನಾಡುತ್ತೇವೆ.

ಹಳೆಯ ಚಾಂಪಿಯನ್ ಒಬ್ಬರ ಸುದ್ದಿ ತಂದವರು ಡಾಕ್ಟರರು. ಭುಜದ ನೋವಿಗೆಂದು ಬಂದಿದ್ದ ಹಿರಿಯರೊಬ್ಬರ ಎಕ್ಸ್‌ರೇಯಲ್ಲಿ ಕೊರಳ ಪಕ್ಕದ ಎಲುಬು ಎಂದೋ ಮುರಿದು ಕೂಡಿಕೊಂಡಿದ್ದು ಕಂಡಿತಂತೆ. ಸೈಕಲ್ಲಿನಿಂದ ಬೀಳುವವರು ಸಾಮಾನ್ಯವಾಗಿ ಮುರಿದುಕೊಳ್ಳುವುದು ಅದೇ ಎಲುಬನ್ನು. ಡಾಕ್ಟರರು ಕೇಳಿದರು, ಹಿರಿಯರು ಹೇಳಿದರು: 1980ರ ದಶಕದಲ್ಲಿ ರಾಷ್ಟ್ರೀಯ ಸ್ಪರ್ಧೆಯಲ್ಲಿ ಕರ್ನಾಟಕಕ್ಕೆ ಪದಕ ಗೆದ್ದುಕೊಟ್ಟ ತಂಡದಲ್ಲಿದ್ದರು, ಕ್ರೀಡಾ ಕೋಟಾದಲ್ಲಿ ರೈಲ್ವೆ ನೌಕರಿ ಸಿಕ್ಕಿತ್ತು, ಈಗ ನಿವೃತ್ತರಾಗಿ ಕೃಷ್ಣೆಯ ಆಚೆ, ವಿಜಯಪುರ ಜಿಲ್ಲೆಯ ತಮ್ಮ ಊರಿನಲ್ಲಿ ಹೊಲ ನೋಡಿಕೊಂಡಿದ್ದಾರೆ. ಗೆಳೆಯರನ್ನು ಕರೆತರಲೇ ಎಂದಾಗ, ‘ಕಾರಿನಲ್ಲಿ ಬರುವುದಾದರೆ ಬೇಡ’ ಎಂದು ನಕ್ಕರಂತೆ.

ಆ ಮಾತು ನಮಗೆ ಸಾಕಾಯಿತು. ಆಷಾಢದ ಒಂದು ಭಾನುವಾರ ಕತ್ತಲಿರುವಾಗಲೇ ನವನಗರದಿಂದ ಹೊರಟೆವು. ಗದ್ದನಕೇರಿ ಕ್ರಾಸ್ ದಾಟುವ ಮೊದಲೇ ಜಗಳ ಶುರುವಾಗಿತ್ತು. ಎದುರು ಕುಳಿತಾಗ ಅವರನ್ನು ಏನು ಕೇಳಬೇಕು?

‘ನನ್ನದು ಒಂದೇ ಪ್ರಶ್ನೆ. ಅವರ ಕಾಲುಗಳಲ್ಲಿ ಎಷ್ಟು ವ್ಯಾಟ್ ಶಕ್ತಿ ಇತ್ತು?’ ಎಂದ ಮೆರ್ಕ್ಸ್. ಅವನ ಕಾರ್ಬನ್ ಸೈಕಲ್ಲಿನ ಪೆಡಲ್‌ನಲ್ಲಿ ಶಕ್ತಿ ಅಳೆಯುವ ಮೀಟರ್ ಇದೆ.

‘ಅವರ ಕಾಲದಲ್ಲಿ ವ್ಯಾಟ್ ಇದ್ದದ್ದು ಬಲ್ಬಿಗೆ ಮಾತ್ರ,’ ಎಂದರು ಮಾಸ್ತರರು. ‘ನಾನು ಕೇಳುವುದು ಸೋತ ರೇಸಿನ ಬಗ್ಗೆ. ಗೆದ್ದದ್ದನ್ನು ಎಲ್ಲರೂ ಕೇಳಿರುತ್ತಾರೆ.’

‘ಮೊದಲು ಊಟದ ವಿಷಯ,’ ಎಂದರು ಡಾಕ್ಟರರು. ‘ರೊಟ್ಟಿ, ಶೇಂಗಾ ಹಿಂಡಿ ತಿಂದು ಆ ವೇಗದಲ್ಲಿ ಹೋದರೋ, ಬೇರೆ ಏನಾದರೂ ಇತ್ತೋ?’

‘ಡಾಕ್ಟರೇ, ಊಟದ ವಿಷಯವನ್ನು ನನಗೆ ಬಿಡಿ,’ ಎಂದ ಮೆರ್ಕ್ಸ್. ನಂತರ ಪಂದ್ಯ ಕಟ್ಟಿದ: ಅವರು ನಮ್ಮೊಂದಿಗೆ ಸೈಕಲ್ ಹತ್ತಿದರೆ ಕೊನೆಯವರೆಗೆ ಜೊತೆ ಬಿಡದವನು ತಾನೊಬ್ಬನೇ, ಸೋತವರು ಇಡೀ ತಿಂಗಳು ಚಹಾ ಕೊಡಿಸಬೇಕು. ಅರವತ್ತು ದಾಟಿದವರ ಮೇಲೆ ಪಂದ್ಯ ಕಟ್ಟುವುದಕ್ಕೆ ನಾಚಿಕೆಯಾಗಬೇಕು ಎಂದು ಮಾಸ್ತರರು ಗದರಿದರು. ಆದರೆ ಪಂದ್ಯಕ್ಕೆ ಒಪ್ಪಿಕೊಂಡರು.

ಈ ಸೀಮೆಯಲ್ಲಿ ಸೈಕಲ್ ಚಾಂಪಿಯನ್ ಒಬ್ಬರು ಸಿಗುವುದು ಅಚ್ಚರಿಯಲ್ಲ. ವಿಜಯಪುರ, ಬಾಗಲಕೋಟೆ, ಗದಗಗಳ ಹಳ್ಳಿಗಳಿಂದ ರಾಷ್ಟ್ರೀಯ ಮಟ್ಟದ ಸವಾರರು ಬರುತ್ತಲೇ ಇದ್ದಾರೆ. ಹನುಮಪ್ಪನ ಗುಡಿಗೆ ಹೆಸರಾದ ತುಳಸಿಗೇರಿ ಸೈಕಲ್ ಸವಾರರ ಊರೂ ಹೌದು. ದೂರ ದೂರದವರೆಗೆ ಏರಿಳಿತವಿಲ್ಲದ ರಸ್ತೆ, ದುಡಿದು ಗಟ್ಟಿಯಾದ ಮೈ, ಊರಲ್ಲಿ ಮೊದಲೇ ಗೆದ್ದುಬಂದ ಒಬ್ಬ ಅಣ್ಣ: ಇಷ್ಟಿದ್ದರೆ ಹುಡುಗರು ತಾವಾಗಿಯೇ ತಯಾರಾಗುತ್ತಾರೆ. ಅವರ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು ಬಂದು ಹೋಗುತ್ತದೆ ಎಂಬುದು ನನಗೆ ಬಹಳ ದಿನಗಳ ನೋವು. ಕ್ರಿಕೆಟ್ಟಿಗನ ಮದುವೆಗೆ ಪುಟ ಮೀಸಲಿಡುವ ನಾವು, ಪಕ್ಕದ ಊರಿನ ಚಾಂಪಿಯನ್‌ನ ಮನೆ ಯಾವ ಓಣಿಯಲ್ಲಿದೆ ಎಂದು ತಿಳಿದುಕೊಂಡಿರುವುದಿಲ್ಲ.

ಬೀಳಗಿ ಕ್ರಾಸಿನಿಂದ ಮುಂದೆ ಮಾತು ನಿಂತಿತು. ನಿಲ್ಲಿಸಿದ್ದು ಗಾಳಿ. ಆಷಾಢದಲ್ಲಿ ಈ ಬಯಲಿಗೆ ಪಡುವಣ ಗಾಳಿ ನುಗ್ಗುವ ರಭಸವನ್ನು ಇಲ್ಲಿಯವರೇ ಬಲ್ಲರು. ಉತ್ತರಕ್ಕೆ ಹೋಗುವ ನಮಗೆ ಅದು ಎಡಗಡೆಯಿಂದ ಅಪ್ಪಳಿಸುತ್ತಿತ್ತು. ಕೊರ್ತಿ-ಕೊಲ್ಹಾರ ಸೇತುವೆಯ ಮೇಲಂತೂ ಆಲಮಟ್ಟಿಯ ಹಿನ್ನೀರಿನ ಮೇಲೆ ಅಡ್ಡಿಯಿಲ್ಲದೆ ಬಂದ ಗಾಳಿ ನಾಲ್ವರನ್ನೂ ಚದುರಿಸಿಬಿಟ್ಟಿತು. ಒಬ್ಬರ ಹಿಂದೊಬ್ಬರು ಸಾಲಾಗಿ ಹೋದರೂ ಮರೆ ಸಿಗಲಿಲ್ಲ. ಮೂರು ಕಿಲೋಮೀಟರ್ ಉದ್ದದ ಸೇತುವೆ ಮುಗಿಯುವಷ್ಟರಲ್ಲಿ ಮೆರ್ಕ್ಸ್ ಬಹಳ ಮುಂದಿದ್ದ, ಮಾಸ್ತರರು ಬಹಳ ಹಿಂದಿದ್ದರು.

ಮನೆಯ ಮುಂದೆ ಅವರು ನಿಂತೇ ಇದ್ದರು. ಕುಳ್ಳಗಿನ ಮೈಕಟ್ಟು, ಧೋತರ, ತಲೆಗೆ ಸುತ್ತಿದ ಟವೆಲು. ‘ಬರ್ರಿ’ ಎಂದವರೇ ನಮ್ಮ ಮುಖ ನೋಡದೆ ಸೈಕಲ್ಲುಗಳ ಕಡೆಗೆ ಹೋದರು. ಹೆಬ್ಬೆರಳಿನಿಂದ ಒಂದೊಂದೇ ಟಯರು ಒತ್ತಿ ನೋಡಿದರು. ಮೆರ್ಕ್ಸ್‌ನ ಕಾರ್ಬನ್ ಸೈಕಲ್ಲನ್ನು ಎರಡು ಬೆರಳಿನಲ್ಲಿ ಎತ್ತಿ, ‘ತಮ್ಮಾ, ಇದಕ್ಕೆ ತೂಕವೇ ಇಲ್ಲವಲ್ಲ, ಗಾಳಿಗೆ ಹೆದರುವುದಿಲ್ಲವೇ?’ ಎಂದು ಕೇಳಿದರು. ಸೇತುವೆ ದಾಟಿ ಬಂದವನಿಗೆ ಉತ್ತರ ಹೊಳೆಯಲಿಲ್ಲ. ಮಾಸ್ತರರಿಗೆ ಆ ದಿನದ ಮೊದಲ ಗೆಲುವು ಅಲ್ಲೇ ಸಿಕ್ಕಿತು.

ಅವರ ರೇಸಿನ ಸೈಕಲ್ ಪಡಸಾಲೆಯ ಜಂತಿಗೆ ತೂಗುಬಿದ್ದಿತ್ತು. ಉಕ್ಕಿನ ಫ್ರೇಮ್, ಕೆಳಗಿನ ಕೊಳವೆಯ ಮೇಲೆ ಗೇರಿನ ಹಿಡಿಕೆಗಳು, ಪಾದ ಕಟ್ಟಿಕೊಳ್ಳಲು ಚರ್ಮದ ಪಟ್ಟಿ. ಬ್ರೇಕಿನ ಹತ್ತಿರ ಬೆರಳಾಡಿಸುತ್ತ ಅವರು ಹೇಳತೊಡಗಿದರು. ಆಗಿನ ರೇಸ್ ಟಯರುಗಳನ್ನು ರಿಮ್ಮಿಗೆ ಅಂಟಿನಿಂದ ಅಂಟಿಸಬೇಕಿತ್ತು. ಪಂಕ್ಚರ್ ಆದರೆ ಟಯರಿನ ಹೊಲಿಗೆ ಬಿಚ್ಚಿ, ಒಳಗಿನ ಟ್ಯೂಬಿಗೆ ತೇಪೆ ಹಾಕಿ, ಮತ್ತೆ ಸೂಜಿ-ದಾರದಿಂದ ಹೊಲಿಯಬೇಕು. ಊರಿನ ಚಮ್ಮಾರರ ಬಳಿ ಕುಳಿತು ಆ ಹೊಲಿಗೆ ಕಲಿತರಂತೆ. ಹೊಸ ಟಯರಿಗೆ ದುಡ್ಡಿಲ್ಲದ್ದರಿಂದ ಕಂದೀಲಿನ ಬೆಳಕಿನಲ್ಲಿ ಹೊಲಿದದ್ದನ್ನೇ ಮತ್ತೆ ಮತ್ತೆ ಹೊಲಿದು ಓಡಿಸಿದ್ದಾರೆ.

ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಬಂದವು. ಡಾಕ್ಟರರ ಪ್ರಶ್ನೆಗೆ ತಟ್ಟೆಯೇ ಉತ್ತರ ಕೊಟ್ಟಿತು. ಮೆರ್ಕ್ಸ್ ಅಡ್ಡಹೆಸರಿನ ಮರ್ಯಾದೆ ಉಳಿಸುತ್ತಲೇ ಕೇಳಿದ: ‘ಕಾಕಾ, ಆಗ ನೀವು ಎಷ್ಟು ಶಕ್ತಿ ಹಾಕುತ್ತಿದ್ದಿರಿ? ಅಂದಾಜು ಗೊತ್ತಾಗುವುದು ಹೇಗೆ?’ ತನ್ನ ಮೀಟರ್ ತೋರಿಸಿದ. ಅವರು ಕುತೂಹಲದಿಂದ ನೋಡಿದರು, ಚೆನ್ನಾಗಿದೆ ಎಂದರು.

‘ಇದು ನಿನ್ನ ಕಾಲಿನ ಲೆಕ್ಕ ಹೇಳುತ್ತದೆ. ನಮಗೆ ಬೇಕಾಗಿದ್ದದ್ದು ಹಿಂದಿನವನ ಲೆಕ್ಕ. ಮುಂದೆ ಇದ್ದಾಗ ನಾನು ಅವನ ಉಸಿರು ಕೇಳುತ್ತಿದ್ದೆ. ಉಸಿರು ಏರಿದರೆ ಒಂದು ಕೂದಲೆಳೆ ಇಳಿಸುತ್ತಿದ್ದೆ. ಉಸಿರು ಕೇಳಿಸದಿದ್ದರೆ ಅವನು ಕಳಚಿಕೊಂಡಿದ್ದಾನೆ ಎಂದು ಅರ್ಥ.’

ಅವರು ಗೆದ್ದದ್ದು ಒಬ್ಬಂಟಿ ರೇಸಿನಲ್ಲಲ್ಲ, ತಂಡದ ಟೈಮ್ ಟ್ರಯಲ್‌ನಲ್ಲಿ. ಈಗಿನ ಹುಡುಗರಿಗೆ ಇದರ ಸೊಗಸು ಹೆಚ್ಚು ಗೊತ್ತಿಲ್ಲ. 1960ರ ರೋಮ್‌ನಿಂದ 1992ರ ಬಾರ್ಸಿಲೋನಾವರೆಗೆ ಒಲಿಂಪಿಕ್ಸ್‌ನಲ್ಲೂ 100 ಕಿಲೋಮೀಟರಿನ ಈ ಸ್ಪರ್ಧೆ ಇತ್ತು. ನಾಲ್ವರು ಒಟ್ಟಿಗೆ ಹೊರಡುತ್ತಾರೆ, ಸರದಿಯ ಮೇಲೆ ಒಬ್ಬೊಬ್ಬರು ಮುಂದೆ ಬಂದು ಗಾಳಿಯನ್ನು ಸೀಳುತ್ತಾರೆ, ಉಳಿದ ಮೂವರು ಮರೆಯಲ್ಲಿ ದಣಿವಾರಿಸಿಕೊಳ್ಳುತ್ತಾರೆ. ವೇಗ ಇಮ್ಮಡಿಯಾದರೆ ಗಾಳಿಯನ್ನು ತಳ್ಳಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಆದ್ದರಿಂದ ಆ ಮರೆಯೇ ಜೀವಾಳ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪೂರ್ವ ಜರ್ಮನಿಯ ನಾಲ್ವರು ಎರಡು ಗಂಟೆಯೊಳಗೇ ಆ ನೂರು ಕಿಲೋಮೀಟರ್ ಮುಗಿಸಿ ಚಿನ್ನ ಗೆದ್ದರು. ತಂಡದ ಸಮಯವೆಂದು ಲೆಕ್ಕಕ್ಕೆ ಹಿಡಿಯುವುದು ಮೂರನೆಯ ಸವಾರ ಗೆರೆ ದಾಟಿದ ಕ್ಷಣವನ್ನು. ನಾಲ್ಕನೆಯವನು ಬಂದರೂ ಸರಿ, ಬಾರದಿದ್ದರೂ ಸರಿ.

‘ಹಾಗಾದರೆ ಆ ನಾಲ್ಕನೆಯವನು?’ ಎಂದು ಮಾಸ್ತರರು ಕೇಳಿದರು. ಕಾಕಾ ಕಾಯುತ್ತಿದ್ದ ಪ್ರಶ್ನೆ ಅದೇ ಇರಬೇಕು.

ಅವನು ಹಾಲು ಮಾರುವವರ ಮನೆಯ ಹುಡುಗ. ಅಗಲ ಭುಜ, ಅವನ ಬೆನ್ನ ಹಿಂದೆ ಹೋದರೆ ಗೋಡೆಯ ಮರೆಯಲ್ಲಿ ಕುಳಿತಂತಾಗುತ್ತಿತ್ತಂತೆ. ಕುಳ್ಳಗಿನ ಕಾಕಾ ಅಷ್ಟು ಮರೆ ಕೊಡಲಾರರು, ಅದು ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಅರ್ಧ ದಾರಿ ಹೋಗಿ ತಿರುಗಿ ಬರುವ ರಸ್ತೆ. ತಿರುಗಿದ ಮೇಲೆ ಗಾಳಿ ಎದುರಾಯಿತು. ಮುಂದೆ ಸ್ವಲ್ಪ ದೂರದಲ್ಲಿ ಕಾಕಾರ ಕಾಲುಗಳು ಸೋತವು, ಕಣ್ಣು ಮಂಜಾಯಿತು. ಆಗ ಆ ಹುಡುಗ ಪಕ್ಕಕ್ಕೆ ಬಂದು, ‘ನೀನು ಸರದಿಗೆ ಬರಬೇಡ, ಹಿಂದೆಯೇ ಇರು’ ಎಂದನಂತೆ. ತನ್ನ ಸರದಿಯನ್ನೂ ಇವರ ಸರದಿಯನ್ನೂ ಅವನೇ ಎಳೆದ. ಗುರಿ ಇನ್ನು ಕೆಲವೇ ಕಿಲೋಮೀಟರ್ ಇರುವಾಗ ಇವರು ಚೇತರಿಸಿಕೊಂಡು ಮುಂದೆ ಬಂದರು. ಹಿಂದಿನಿಂದ ಬರುತ್ತಿದ್ದ ಅವನ ಉಸಿರು ಮಾತ್ರ ನಿಂತುಹೋಯಿತು. ಅವನಲ್ಲಿ ಏನೂ ಉಳಿದಿರಲಿಲ್ಲ. ಗೆರೆ ದಾಟಿದ ಮೂವರಲ್ಲಿ ಕಾಕಾ ಇದ್ದರು.

‘ಪದಕ ನಾಲ್ವರಿಗೂ ಕೊಟ್ಟರು. ಆದರೆ ನೋಡಲು ಬಂದವರು ನಾವು ಮೂವರು ಬಂದದ್ದನ್ನಷ್ಟೇ ಕಂಡರು. ಅವನು ನೌಕರಿಗೂ ಹೋಗಲಿಲ್ಲ, ಮನೆಯ ಎಮ್ಮೆಗಳನ್ನು ನೋಡುವವರು ಬೇರೆ ಇರಲಿಲ್ಲ. ಈಗ ಅವನಿಲ್ಲ.’

ನಾನು ಇದನ್ನು ಬರೆಯುತ್ತೇನೆ, ನಿಮ್ಮ ಹೆಸರು ಹಾಕಲೇ ಎಂದು ಕೇಳಿದೆ. ಅವರು ತಲೆಯಾಡಿಸಿದರು. ‘ಹಾಕುವುದಾದರೆ ನಾಲ್ವರದ್ದೂ ಹಾಕಬೇಕು. ಅವನನ್ನು ಕೇಳದೆ ಹೇಗೆ ಹಾಕುತ್ತೀ?’ ಆದ್ದರಿಂದ ಇಲ್ಲಿ ಯಾರ ಹೆಸರೂ ಇಲ್ಲ. ಈ ಜಿಲ್ಲೆಗಳ ಹಳ್ಳಿಗಳಲ್ಲಿ ಇಂಥವರು ಇನ್ನೂ ಇದ್ದಾರೆ. ಅವರ ಮೈಗೆ ಗೊತ್ತಿರುವ ವಿದ್ಯೆಯನ್ನು ಅವರಿರುವಾಗಲೇ ಕೇಳಿ ಕಲಿಯುವ ವ್ಯವಸ್ಥೆ ನಮ್ಮಲ್ಲಿ ಆಗಲೇಬೇಕು. ವಿಜಯಪುರದಲ್ಲಿ ವೆಲೋಡ್ರೋಮ್, ಅಂದರೆ ಸೈಕಲ್ ರೇಸಿನ ಟ್ರ್ಯಾಕ್, ಕಟ್ಟುವ ಮಾತು ಎಷ್ಟೋ ವರ್ಷಗಳ ಹಳೆಯದು. ಕಟ್ಟಡ ಬೇಕು, ನಿಜ. ಅಷ್ಟೇ ತುರ್ತಾಗಿ, ಹುಡುಗರ ಹಾಸ್ಟೆಲ್ಲಿಗೆ ಇವರನ್ನು ವಾರಕ್ಕೊಮ್ಮೆ ಕರೆದು ಕೂರಿಸುವವರು ಬೇಕು.

ಊಟವಾದ ಮೇಲೆ ಅವರು ಜಂತಿಯ ಸೈಕಲ್ ಇಳಿಸಿದರು. ‘ಡಾಕ್ಟರೇ, ಭುಜಕ್ಕೆ ಅಪ್ಪಣೆ ಕೊಡಿ, ಹೆದ್ದಾರಿಯವರೆಗೆ ಬರುತ್ತೇನೆ.’ ಡಾಕ್ಟರರು ನಿಧಾನವಾಗಿ ಹೋಗುವ ಮಾತು ಕೊಟ್ಟರೆ ಮಾತ್ರ ಎಂದರು. ಆ ಮಾತನ್ನು ಕಾಕಾ ಮೊದಲ ತಿರುವಿನವರೆಗೆ ಉಳಿಸಿಕೊಂಡರು.

ಊರಿನಿಂದ ಹೆದ್ದಾರಿಗೆ ದಕ್ಷಿಣಕ್ಕೆ ಹೋಗುವ ರಸ್ತೆ ಖಾಲಿಯಾಗಿತ್ತು. ಗಾಳಿ ಈಗ ಬಲಗಡೆಯಿಂದ. ನಾವು ಎಂದಿನಂತೆ ಒಬ್ಬರ ಹಿಂದೊಬ್ಬರು ನಿಂತದ್ದನ್ನು ನೋಡಿ ಅವರು ಕೈಯೆತ್ತಿ ನಿಲ್ಲಿಸಿದರು. ಅಡ್ಡಗಾಳಿಯಲ್ಲಿ ಮರೆ ನೇರ ಹಿಂದೆ ಇರುವುದಿಲ್ಲ, ಗಾಳಿ ಹೋಗುವ ಕಡೆಗೆ ಓರೆಯಾಗಿ ಸರಿದಿರುತ್ತದೆ. ಮುಂದಿನವನು ರಸ್ತೆಯ ನಡುವಿಗೆ ಬರಬೇಕು, ಉಳಿದವರು ಅವನ ಎಡಭುಜದ ಹಿಂದೆ ಒಬ್ಬರಾದ ಮೇಲೊಬ್ಬರು ಓರೆಸಾಲಾಗಿ ನಿಲ್ಲಬೇಕು. ಸರದಿ ಮುಗಿದವನು ಗಾಳಿಯ ಕಡೆಗೇ ಸರಿದು ಹಿಂದಕ್ಕೆ ಇಳಿಯಬೇಕು. ವಾಹನಗಳಿರುವ ರಸ್ತೆಯಲ್ಲಿ ಇದನ್ನು ಮಾಡಲೇಬಾರದು ಎಂದು ಗಟ್ಟಿಯಾಗಿ ಎಚ್ಚರಿಸಿದರು. ವರ್ಷಗಳಿಂದ ತರಗತಿಯಲ್ಲಿ ವೇಗಗಳ ಸದಿಶ ಸಂಕಲನ, ಅಂದರೆ ಬಾಣಗಳನ್ನೆಳೆದು ದಿಕ್ಕು ಸಮೇತ ಕೂಡಿಸುವ ಲೆಕ್ಕ, ಬರೆಯುತ್ತ ಬಂದ ನನಗೆ, ಆ ಬಾಣದ ಗುರುತುಗಳು ಬಲಗೆನ್ನೆಯ ಮೇಲೆ ಗಾಳಿ ನಿಂತ ಕ್ಷಣದಲ್ಲಿ ಮೈಗೆ ತಾಗಿದವು. ಸಂತೋಷದಿಂದ ಕೂಗಿಬಿಟ್ಟೆ.

ಸರದಿ ಬಂದಾಗ ಮೆರ್ಕ್ಸ್ ಅಭ್ಯಾಸದಂತೆ ಒಮ್ಮೆಲೇ ವೇಗ ಹೆಚ್ಚಿಸಿದ. ಸಾಲು ಹರಿಯಿತು. ಕಾಕಾ ಪಕ್ಕಕ್ಕೆ ಹೋಗಿ ಸೀಟಿನ ಹಿಂದೆ ಕೈಯಿಟ್ಟರು.

‘ಶಕ್ತಿ ಬಹಳ ಇದೆ ತಮ್ಮಾ. ಮುಂದೆ ಬಂದ ಕೂಡಲೇ ತೋರಿಸಬೇಡ. ಹಿಂದಿನವರು ಓಡುತ್ತಿದ್ದ ವೇಗವನ್ನೇ ಹಿಡಿ, ಬೇಕಾದರೆ ಇನ್ನಷ್ಟು ಹೊತ್ತು ಹಿಡಿ. ನಿನ್ನಂಥವನು ಇದ್ದರೆ ತಂಡ ಗೆಲ್ಲುತ್ತದೆ.’

ಮೆರ್ಕ್ಸ್ ಮೀಟರಿನ ಕಡೆ ನೋಡುವುದನ್ನು ಬಿಟ್ಟ. ಮುಂದಿನ ಸರದಿಯಲ್ಲಿ ಅವನು ಎಳೆದದ್ದು ಎಷ್ಟು ನಯವಾಗಿತ್ತೆಂದರೆ, ಮಾಸ್ತರರು ಮೊದಲ ಬಾರಿಗೆ ಅವನ ಹಿಂದೆ ಮಾತನಾಡುತ್ತ ಬಂದರು. ಕಾಕಾ ಉಕ್ಕಿನ ಸೈಕಲ್ ಮೇಲೆ ಬೆನ್ನು ಬಾಗಿಸಿ, ಮೊಣಕೈ ಅಲುಗಿಸದೆ ತುಳಿಯುವುದನ್ನು ನೋಡುತ್ತ ಹೋಗುವುದೇ ಒಂದು ಭಾಗ್ಯ. ಹೆದ್ದಾರಿ ಬಂದಾಗ ಯಾರೂ ಕಳಚಿಕೊಂಡಿರಲಿಲ್ಲ, ಹಾಗಾಗಿ ಪಂದ್ಯ ಬಿದ್ದುಹೋಯಿತು.

ಕೊಲ್ಹಾರದಲ್ಲಿ ನಿಂತು ಹೆಸರುವಾಸಿ ಮೊಸರು ತಿಂದೆವು. ಗಾಳಿ ಇಳಿದಿರಲಿಲ್ಲ, ಜಗಳ ಮತ್ತೆ ಏರಿತ್ತು. ನಾವು ನಾಲ್ವರು ಎಂದಾದರೂ ಟೈಮ್ ಟ್ರಯಲ್‌ಗೆ ಇಳಿದರೆ ನಾಲ್ಕನೆಯವನು ಯಾರಾಗಬೇಕು?

‘ನಾನೇ,’ ಎಂದರು ಮಾಸ್ತರರು. ‘ಹೇಗೂ ಕೊನೆಗೆ ಹಿಂದುಳಿಯುವವನು ನಾನು.’

‘ಹಿಂದುಳಿಯುವುದು ಬೇರೆ, ಎಳೆದು ಮುಗಿಯುವುದು ಬೇರೆ,’ ಎಂದರು ಡಾಕ್ಟರರು. ‘ಉದ್ದ ಎಳೆಯುವ ಅಭ್ಯಾಸ ಇರುವುದು ನನಗೆ.’

‘ಅಗಲ ಭುಜ ಯಾರದ್ದು, ಅದನ್ನು ಮೊದಲು ನೋಡಿ!’ ಮೆರ್ಕ್ಸ್ ಎದ್ದು ನಿಂತೇ ಕೇಳಿದ. ‘ಇಷ್ಟು ರೊಟ್ಟಿ ತಿಂದು ಬೆಳೆಸಿದ ಮರೆ ಇದು. ಆ ಜಾಗ ನನ್ನದು, ಯಾರಿಗೂ ಬಿಟ್ಟುಕೊಡುವುದಿಲ್ಲ.’

‘ನೋಡಿದಿರಾ, ಅದನ್ನೂ ಬಿಡುವುದಿಲ್ಲ,’ ಎಂದ ಮಾಸ್ತರರು ತಮ್ಮ ಮೊಸರಿನ ಕುಡಿಕೆಯನ್ನು ಅವನ ಕೈಗೆ ಸಿಗದಂತೆ ಆಚೆ ಸರಿಸಿದರು.