ಎರಡು ಎಳೆ ಮಕ್ಕಳ ಜೊತೆ ಝೂ: ಹೋಗಿ ಬಂದವರ ಮಾತು

ನನ್ನ ಮಗಳಿಗೆ ಏಳು ತಿಂಗಳು. ಅಕ್ಕನ ಮಗನಿಗೆ ಒಂದೂವರೆ ವರ್ಷ. ಇಬ್ಬರನ್ನೂ ಕರೆದುಕೊಂಡು ಒಂದೇ ತಿಂಗಳಲ್ಲಿ ಎರಡು ಸಲ ಝೂಗೆ ಹೋಗಿ ಬಂದೆವು. ಮೊದಲ ಸಲ ಒಂದು ಗಂಟೆಯಲ್ಲೇ ವಾಪಸ್ ಬರಬೇಕಾಯಿತು. ಎರಡನೇ ಸಲ ಎಲ್ಲರೂ ಖುಷಿಯಾಗಿ ಮನೆ ಸೇರಿದೆವು. ಝೂ ಅದೇ, ಮಕ್ಕಳೂ ಅವರೇ. ಬದಲಾಗಿದ್ದು ನಾವು ಹೊರಟ ಹೊತ್ತು ಮತ್ತು ನಮ್ಮ ಆಸೆಯ ಪಟ್ಟಿ.

ಮೊದಲ ಸಲ ಗೇಟಿನ ಹತ್ತಿರ ಬರುವಷ್ಟರಲ್ಲಿ ಹನ್ನೊಂದೂವರೆ. ಬಂದಿದ್ದೇವೆ, ಒಂದೂ ಬಿಡದೆ ನೋಡೋಣ ಅಂತ ಹೊರಟೆವು. ಸಿಂಹ ಮಲಗಿತ್ತು. ಹುಲಿಯೂ ಮಲಗಿತ್ತು. ಕರಡಿ ಹೊರಗೇ ಬರಲಿಲ್ಲ. ಸಿಂಹ ದಿನಕ್ಕೆ 16ರಿಂದ 20 ಗಂಟೆ ಮಲಗಿಕೊಂಡೋ ಸುಮ್ನೆ ಬಿದ್ದುಕೊಂಡೋ ಇರುವ ಪ್ರಾಣಿ. ನಡು ಮಧ್ಯಾಹ್ನ ಅದು ಎದ್ದು ಓಡಾಡಲಿ ಅಂತ ಕಾಯುವುದರಲ್ಲಿ ಅರ್ಥವಿಲ್ಲ.

ಮಗಳಿಗೆ ನಿದ್ದೆ ಬಂತು. ಬಿಸಿಲು ತಾಗದಿರಲಿ ಅಂತ ತಳ್ಳುಗಾಡಿಯ ಮೇಲೆ ಒಂದು ತೆಳು ಬಟ್ಟೆ ಇಳಿಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಒಳಗೆ ಕೈಯಿಟ್ಟು ನೋಡಿದರು. "ಅಯ್ಯೋ, ಒಲೆ ಮುಂದೆ ಕೂತ ಹಾಗಿದೆ ಕಣೇ ಇದರೊಳಗೆ!" ಬಟ್ಟೆ ತೆಗೆದರೆ ಮಗಳ ಕೆನ್ನೆ ಕೆಂಪಾಗಿತ್ತು. ಕುತ್ತಿಗೆಯ ಮಡಿಕೆಯಲ್ಲೆಲ್ಲ ಬೆವರು, ಕೂದಲು ಹಣೆಗೆ ಅಂಟಿಕೊಂಡಿತ್ತು. ನೆರಳಿಗೆ ಕರೆದುಕೊಂಡು ಹೋಗಿ, ಬಟ್ಟೆ ಸಡಿಲ ಮಾಡಿ, ಹಾಲು ಕುಡಿಸಿದ ಮೇಲೆ ಸರಿಹೋದಳು. ನನ್ನ ಎದೆಬಡಿತ ಮಾತ್ರ ಮನೆಗೆ ಬರುವ ತನಕ ಇಳಿಯಲಿಲ್ಲ.

ಹಾಗಾಗಿ ಬೇರೇನು ಮರೆತರೂ ಇದನ್ನು ಮರೆಯಬೇಡಿ. ತಳ್ಳುಗಾಡಿಯನ್ನು ಬಟ್ಟೆಯಿಂದ ಮುಚ್ಚಬೇಡಿ. ಎಷ್ಟೇ ತೆಳುವಾಗಿದ್ದರೂ ಅದು ಗಾಳಿ ತಡೆಯುತ್ತದೆ, ಒಳಗೆ ಶಾಖ ಏರುತ್ತಾ ಹೋಗುತ್ತದೆ. ಗಾಡಿಗೇ ಇರುವ ಚಾವಣಿ ಸಾಕು, ಸಾಲದಿದ್ದರೆ ಕೊಡೆ ಹಿಡಿಯಿರಿ. ಮೈ ಬಿಸಿಯಾಗಿದೆಯಾ ಅಂತ ನೋಡಲು ಮಗುವಿನ ಕುತ್ತಿಗೆಯ ಹಿಂದೆ ಮುಟ್ಟಿ. ಕೈಕಾಲು ಮುಟ್ಟಿದರೆ ಸರಿಯಾಗಿ ಗೊತ್ತಾಗುವುದಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಹಚ್ಚುವ ಬದಲು ನೆರಳು, ಅಗಲ ಅಂಚಿನ ಟೋಪಿ, ಮೈ ಮುಚ್ಚುವ ಹಗುರ ಬಟ್ಟೆಯನ್ನೇ ನೆಚ್ಚಿಕೊಳ್ಳಿ. ಎದೆಹಾಲನ್ನಷ್ಟೇ ಕುಡಿಯುವ ಆ ವಯಸ್ಸಿನ ಕೂಸಿಗೆ ಸೆಖೆ ಅಂತ ನೀರು ಬೇಡ, ಹಾಲನ್ನೇ ಜಾಸ್ತಿ ಸಲ ಕೊಡಿ.

ಎರಡನೇ ಸಲ ಮೊದಲೇ ಫೋನ್ ಮಾಡಿ ವಿಚಾರಿಸಿಕೊಂಡೆ. ರಜೆ ಯಾವ ದಿನ, ಬಾಗಿಲು ತೆಗೆಯುವುದು ಎಷ್ಟು ಹೊತ್ತಿಗೆ, ಹಾಲು ಕುಡಿಸಲು ಕೋಣೆ ಇದೆಯಾ, ದಾರಿಯಲ್ಲಿ ಮೆಟ್ಟಿಲು ಎಲ್ಲೆಲ್ಲಿದೆ. ಎರಡು ನಿಮಿಷದ ಮಾತು, ಆದರೆ ತುಂಬಾ ಉಪಕಾರವಾಯಿತು. ಮಕ್ಕಳು ಬೆಳಗಿನ ನಿದ್ದೆ ಮುಗಿಸಿ ಏಳುವ ಹೊತ್ತಿಗೆ ಝೂ ಒಳಗಿರುವ ಹಾಗೆ ಹೊರಟೆವು. ಬೆಳಗ್ಗೆ ಪ್ರಾಣಿಗಳೂ ಓಡಾಡುತ್ತಿರುತ್ತವೆ. ನೋಡುವುದು ನಾಲ್ಕೇ ಅಂತ ಗಟ್ಟಿ ಮಾಡಿಕೊಂಡಿದ್ದೆವು: ಆನೆ, ಜಿರಾಫೆ, ಜೀಬ್ರಾ, ಹಕ್ಕಿಗಳು.

ಈ ನಾಲ್ಕನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಎಳೆ ಮಕ್ಕಳ ಕಣ್ಣಿಗೆ ದೊಡ್ಡದಾಗಿ, ಹತ್ತಿರದಲ್ಲಿ, ಅಲ್ಲಾಡುತ್ತಾ ಇರುವುದು ಬೇಗ ಕಾಣುತ್ತದೆ. ಪೊದೆಯ ಹಿಂದೆ ಮಲಗಿದ ಚಿರತೆಯನ್ನು ನಾವು ಬೆರಳು ತೋರಿಸಿದರೂ ಅವರಿಗೆ ಗೊತ್ತಾಗುವುದಿಲ್ಲ. ಜೀಬ್ರಾದ ಕಪ್ಪು ಬಿಳಿ ಪಟ್ಟೆಯಂತೂ ಮಗಳನ್ನು ಪೂರ್ತಿ ಹಿಡಿದುಬಿಟ್ಟಿತು. ಅದು ಬೇಲಿಯುದ್ದಕ್ಕೂ ನಡೆದ ಹಾಗೆ ಇವಳ ತಲೆಯೂ ಮೆಲ್ಲಗೆ ತಿರುಗಿತು. ಜಿರಾಫೆ ಎಲೆ ಕೀಳಲು ನಾಲಿಗೆ ಚಾಚಿದಾಗ ಅಕ್ಕನ ಮಗ ತನ್ನ ನಾಲಿಗೆಯನ್ನೂ ಹೊರಗೆ ಹಾಕಿ ನಿಂತ. ಸುಮಾರು 45 ಸೆಂಟಿಮೀಟರ್ ಉದ್ದದ ಕಪ್ಪು ನೇರಳೆ ನಾಲಿಗೆ ಅದು. ದೊಡ್ಡವರೂ ನಿಂತು ನೋಡುವಂಥದ್ದು.

ಆನೆಯ ಹತ್ತಿರ ತುಂಬಾ ಹೊತ್ತು ನಿಂತೆವು. ಅಲ್ಲೊಂದು ಮರಿ ಇತ್ತು. ಅದು ಅಮ್ಮನ ಕಾಲಿಗೆ ಒರಗಿಕೊಂಡು ತನ್ನ ಸೊಂಡಿಲನ್ನೇ ಬಾಯಲ್ಲಿಟ್ಟು ಚೀಪುತ್ತಿತ್ತು. ಮಕ್ಕಳು ಹೆಬ್ಬೆರಳು ಚೀಪುವ ಹಾಗೆ ಆನೆಮರಿಗಳೂ ಹೀಗೆ ಮಾಡುತ್ತವೆ. ನನ್ನ ಎದೆಗೆ ಕಟ್ಟಿದ್ದ ಕ್ಯಾರಿಯರ್‌ನಲ್ಲಿ ಮಗಳ ಬಾಯಲ್ಲೂ ಹೆಬ್ಬೆರಳು. ತಾಯಾನೆ 22 ತಿಂಗಳು ಹೊತ್ತು ಹೆರುತ್ತದೆ ಅಂತ ಅಮ್ಮನಿಗೆ ಹೇಳಿದೆ. ಅವರು ಆ ತಾಯಿಯನ್ನೇ ನೋಡುತ್ತಾ, "ಪಾಪ, ಎಷ್ಟು ಸಹನೆ ಅಲ್ವಾ" ಅಂದರು.

ಗಾಡಿಯಾ, ಕ್ಯಾರಿಯರಾ ಅಂತ ತುಂಬಾ ಜನ ಕೇಳುತ್ತಾರೆ. ಎರಡೂ ಬೇಕು. ಮೊದಲ ಸಲ ನಾನು ಗಾಡಿಯ ಮಟ್ಟಕ್ಕೆ ಬಗ್ಗಿ ನೋಡಿದೆ. ಮುಂದೆ ಕಾಣಿಸಿದ್ದು ಬರೀ ಸಿಮೆಂಟಿನ ಗೋಡೆ! ನಮಗೆ ಆನೆ ಕಾಣುವ ಜಾಗದಲ್ಲಿ ಗಾಡಿಯಲ್ಲಿ ಕೂತ ಮಗುವಿಗೆ ಏನೂ ಕಾಣುವುದಿಲ್ಲ. ಆದ್ದರಿಂದ ನೋಡುವಾಗ ಕ್ಯಾರಿಯರ್, ನಿದ್ದೆಗೂ ಸಾಮಾನಿಗೂ ಗಾಡಿ. ಕ್ಯಾರಿಯರ್‌ನಲ್ಲಿ ಮಗುವಿನ ಮುಖ ಸದಾ ಕಾಣುತ್ತಿರಲಿ, ಗಲ್ಲ ಎದೆಗೆ ಒತ್ತಿಕೊಳ್ಳದಿರಲಿ. ಚೆನ್ನಾಗಿ ಕಾಣಲಿ ಅಂತ ಮಗುವನ್ನು ಕಂಬಿಯ ಮೇಲೆ ಕೂರಿಸುವವರನ್ನು ಎರಡು ಸಲವೂ ನೋಡಿದೆ. ದಯವಿಟ್ಟು ಬೇಡ. ಗಟ್ಟಿ ಹಿಡಿದಿದ್ದೇನೆ ಅಂದರೂ ಬೇಡ. ಮಕ್ಕಳು ಯಾವಾಗ ಹಿಂದಕ್ಕೆ ಬಾಗುತ್ತಾರೋ ಹೇಳಲಾಗದು.

ಹಾಲಿನ ವಿಷಯ. ಪೌಡರ್ ಹಾಲಾದರೆ ಬಿಸಿನೀರು ಫ್ಲಾಸ್ಕಿನಲ್ಲಿ, ಪುಡಿ ಬೇರೆ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಕಲಸಿದ ಹಾಲನ್ನು ಎರಡು ಗಂಟೆಯೊಳಗೆ ಕುಡಿಸಬೇಕು. ಒಮ್ಮೆ ಮಗು ಬಾಯಿಟ್ಟರೆ ಒಂದೇ ಗಂಟೆ, ಆಮೇಲೆ ಉಳಿದದ್ದನ್ನು ಚೆಲ್ಲಿ. ಹಿಂಡಿಟ್ಟ ಎದೆಹಾಲು ಐಸ್ ಪ್ಯಾಕ್ ಹಾಕಿದ ಚೀಲದಲ್ಲೇ ಇರಲಿ. ಡೈಪರ್ ನಿಮ್ಮ ಲೆಕ್ಕಕ್ಕಿಂತ ಎರಡು ಜಾಸ್ತಿ. ಬಟ್ಟೆ ಒಂದು ಜೊತೆ ಮಗುವಿಗೆ, ಒಂದು ಅಂಗಿ ನಿಮಗೂ.

ಸಿಂಹ ಗರ್ಜಿಸುವಾಗ ಹತ್ತಿರದಲ್ಲಿದ್ದರೆ ಎಳೆ ಮಕ್ಕಳು ಬೆಚ್ಚಿಬೀಳುತ್ತಾರೆ. ಎಂಟು ಕಿಲೋಮೀಟರ್ ದೂರಕ್ಕೂ ಕೇಳಿಸಬಲ್ಲ ದನಿ ಅದು. ಸಮಾಧಾನ ಮಾಡುತ್ತಾ ಅಲ್ಲೇ ನಿಲ್ಲಬೇಡಿ, ಮೊದಲು ದೂರ ನಡೆಯಿರಿ.

ಆಡು, ಮೊಲ ಮುಟ್ಟಲು ಬಿಡುವ ಜಾಗವಿದ್ದರೆ ಐದು ವರ್ಷದೊಳಗಿನ ಮಕ್ಕಳ ಮೇಲೆ ಕಣ್ಣಿರಲಿ. ಪ್ರಾಣಿಗಳು ಆರೋಗ್ಯವಾಗಿ ಕಂಡರೂ ಅವುಗಳ ಮೈಮೇಲೆ ಸಾಲ್ಮೊನೆಲ್ಲಾ, ಇ. ಕೋಲಿಯಂಥ ರೋಗಾಣು ಇರಬಹುದು. ಮುಟ್ಟಿದ ಕೂಡಲೇ ಸೋಪು ಹಚ್ಚಿ 20 ಸೆಕೆಂಡ್ ಕೈ ತೊಳೆಸಿ, ಸ್ಯಾನಿಟೈಸರ್ ಸೋಪಿನಷ್ಟು ಕೆಲಸ ಮಾಡುವುದಿಲ್ಲ. ಹಾಲಿನ ಬಾಟಲಿ, ಆಟಿಕೆ, ನಿಪ್ಪಲ್ ಯಾವುದನ್ನೂ ಆ ಬೇಲಿಯೊಳಗೆ ಒಯ್ಯಬೇಡಿ.

ಆ ಎರಡನೇ ಸಲ ಒಳಗೆ ಹೋಗಿ ಒಂದೂವರೆ ಗಂಟೆಯಲ್ಲಿ ಹೊರಗೆ ಬಂದೆವು. ಇನ್ನೂ ಹುಲಿ ನೋಡಿಲ್ಲ ಅಂತ ಭಾವ ಅಂದರು, ಆದರೆ ಮಗಳು ಕಣ್ಣುಜ್ಜಲು ಶುರು ಮಾಡಿದ್ದಳು. ಮನೆಗೆ ಬಂದ ಮೇಲೆ ಚಪ್ಪಲಿ, ಗಾಡಿಯ ಚಕ್ರ ಎರಡನ್ನೂ ಹೊರಗೇ ತೊಳೆದು ಆಮೇಲೆ ಒಳಗೆ ತಂದೆ. ಅಂಬೆಗಾಲಿಡುವ ಮಗು ಇರುವ ಮನೆ, ನೆಲಕ್ಕೆ ತಾಗಿದ ಕೈ ಸೀದಾ ಬಾಯಿಗೇ ಹೋಗುತ್ತದೆ.